ಒಂದು ಮುಚ್ಚಳ ನೀರು

ನಮ್ಮ ನಾವಿಕರ ಶಾಲೆಯ ಮೇಷ್ಟ್ರಿಗೆ ಲೋಕದ ವಸ್ತುಗಳೆಲ್ಲ ಎರಡೇ ಬಗೆ: ದೋಣಿಗೆ ಹಾಕಿಕೊಳ್ಳುವಂಥವು, ಕಡಲಿಗೆ ಎಸೆಯುವಂಥವು. ಮದುವೆಗೆ ಹೋದರೂ ಮದುಮಕ್ಕಳನ್ನು ಬಿಟ್ಟು ಶಾಮಿಯಾನದ ಹಗ್ಗ ಜಗ್ಗಿ ನೋಡುತ್ತಾರೆ. ಹಡಗು ಮುಳುಗಿದರೆ ಮೊದಲು ಬಿಸ್ಕತ್ತು ಎತ್ತಿಕೊಳ್ಳುತ್ತೇನೆ ಎಂದವನ ಮೇಲೆ ಹರಿಹಾಯುತ್ತಾರೆ: "ತಿಂದ್ರೆ ಗಂಟಲು ಒಣಗುತ್ತೆ ಕಣಯ್ಯಾ! ಮೊದ್ಲು ನೀರು, ಆಮೇಲೆ ನೆರಳಿಗೆ ಟಾರ್ಪಾಲು. ಬಿಸ್ಕತ್ತು ಮೀನಿಗೆ ಹಾಕು!" ದೋಣಿಯಲ್ಲಿ ಐವರು ಎಂದು ಬೋರ್ಡಿನ ಮೇಲೆ ಬರೆದು, ಬಾಟಲಿಯ ಮುಚ್ಚಳದಲ್ಲಿ ನೀರು ಅಳೆದು, ಒಂದು ಹನಿಯೂ ಚೆಲ್ಲದಂತೆ ನಾಲ್ಕು ಲೋಟಕ್ಕೆ ಹಾಕುತ್ತಾರೆ. "ಐದನೆಯವನಿಗೆ, ಸಾರ್?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಮೇಷ್ಟ್ರು ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಾ ಪ್ರತಿ ವರ್ಷವೂ ಅದನ್ನೇ ಹೇಳುತ್ತಾರೆ: "ಅವನು ಹೇಗೂ ಉಳಿಯಲ್ಲ, ನೀರು ದಂಡ ಅಂತ ನಾನೇ ತೀರ್ಮಾನ ಮಾಡ್ದೆ. ಆಮೇಲೂ ಮೂರು ದಿನ ಬದುಕಿದ್ದ, ನನ್ನ ತಮ್ಮ."