ಜಾನಕಮ್ಮನ ಕೇಕು, ವಿಷ್ಣುತೀರ್ಥರ ನಾಲಗೆ

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಮದರಾಸಿನ ಬೆಸೆಂಟ್ ನಗರದ ಆ ಮೂರನೇ ಮಹಡಿಯ ಮನೆಯಲ್ಲಿ ಕೈ ಜಾನಕಮ್ಮನದು, ಬಾಯಿ ಅವಳ ಗಂಡ ವಿಷ್ಣುತೀರ್ಥರದು. ಮದುವೆಯಾದಾಗಿನಿಂದ ಈ ಹಂಚಿಕೆ ತಪ್ಪಿದ್ದೇ ಇಲ್ಲ. ಅವಳು ಮಾಡಬೇಕು, ದೇವರಿಗೆ ತೋರಿಸಬೇಕು, ಅವರಿಗೆ ಬಡಿಸಿ ಪಕ್ಕದಲ್ಲಿ ನಿಲ್ಲಬೇಕು. ಅವರು ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಡಬೇಕು. "ಉಪ್ಪು ಒಂದು ಕಲ್ಲು ಮುಂದು." "ಹುಳಿ ಸಾಲದು." "ಇಂಗು ಎಲ್ಲಿ ಹೋಯ್ತು?" ತೀರ್ಪಿನಲ್ಲಿ ತಪ್ಪು ಮಾತ್ರ ಇರುತ್ತಿತ್ತು. ತಪ್ಪು ಸಿಗದ ದಿನ ಅವರು ಸುಮ್ಮನೆ ಉಂಡು ಏಳುತ್ತಿದ್ದರು. ಆ ಸುಮ್ಮನಿರುವುದೇ ಮೆಚ್ಚುಗೆ ಎಂದು ಅವಳೇ ತಿಳಿದುಕೊಳ್ಳಬೇಕಿತ್ತು.

ಜಾನಕಮ್ಮ ಹುಟ್ಟಿದ್ದು ತಿರುವಲ್ಲಿಕೇಣಿಯಲ್ಲಿ, ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆಯಲ್ಲಿ. ಹತ್ತು ವರ್ಷದವಳಿದ್ದಾಗಲೇ ಅಮ್ಮ ಒಲೆಯ ಮುಂದೆ ನಿಲ್ಲಿಸಿ ಮೊದಲ ಪಾಠ ಹೇಳಿದ್ದಳು: ಮಾಡುವ ಕೈ ಬಾಯಿಗೆ ಹೋಗಕೂಡದು. ಒಲೆಯ ಮೇಲಿರುವುದನ್ನು ರುಚಿ ನೋಡಿದರೆ ಎಂಜಲು. ಹಾಗಾಗಿ ಜಾನಕಮ್ಮ ಮೂಗಿನಿಂದ, ಕಣ್ಣಿನಿಂದ, ಕಿವಿಯಿಂದ ಅಡುಗೆ ಕಲಿತಳು. ಸಾರು ಕುದಿಯುವ ಸದ್ದಿನಲ್ಲೇ ಬೇಳೆ ಹೆಚ್ಚಾಯಿತೋ ನೀರು ಹೆಚ್ಚಾಯಿತೋ ಹೇಳುತ್ತಿದ್ದಳು. ಕಡಲೆಬೇಳೆ ಬೆಲ್ಲ ಹಾಕಿ ಮಾಡುವ ಹಯಗ್ರೀವವಂತೂ ಬಳಗದಲ್ಲೆಲ್ಲ ಅವಳದೇ. ಯಾರ ಮನೆಯಲ್ಲಿ ಸೀಮಂತವಿರಲಿ, ಸಮಾರಾಧನೆಯಿರಲಿ, ಹಿಂದಿನ ದಿನ ಫೋನು ಬರುತ್ತಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಆ ಓಡಾಟವೇ ಅವಳ ಹೆಮ್ಮೆ, ಅದೊಂದೇ ಹೆಮ್ಮೆ.

ಅದೂ ಹೋಯಿತು. ನಾಲ್ಕು ವರ್ಷದಿಂದೀಚೆಗೆ ವಿಷ್ಣುತೀರ್ಥರಿಗೆ ತಪ್ಪು ಸಿಗದ ದಿನವೇ ಇಲ್ಲವಾಯಿತು. ಉಪ್ಪಿಲ್ಲ ಅನ್ನುವರು. ಅವಳು ಪಾತ್ರೆಗೆ ಇನ್ನಷ್ಟು ಹಾಕಿ, ಆಮೇಲೆ ತಾನು ಉಣ್ಣಲು ಕೂತರೆ ಸಾರು ಬಾಯಿಗಿಡಲಾಗದಷ್ಟು ಉಪ್ಪು. ಆದರೂ ಅವಳಿಗೆ ಅವರ ಮೇಲೆ ಅನುಮಾನ ಬರಲಿಲ್ಲ. ತನಗೇ ವಯಸ್ಸಾಯಿತು, ನಾಲಗೆ ಕೆಟ್ಟಿತು ಎಂದುಕೊಂಡಳು. ಮಾಂಬಲದ ಓರಗಿತ್ತಿಯ ಮನೆಯ ಸಮಾರಾಧನೆಯಲ್ಲಿ ನಲವತ್ತು ಜನರ ಪಂಕ್ತಿಯ ನಡುವೆ ಅವರು ಹಯಗ್ರೀವ ಬಾಯಿಗಿಟ್ಟುಕೊಂಡು, "ಮೊದಲಿನ ಹಾಗಿಲ್ಲ. ಇವಳ ಕೈರುಚಿ ಹೋಯ್ತು" ಅಂದರು. ಪಕ್ಕದ ಎಲೆಯವರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದುದು ಅವಳ ಕಣ್ಣಿಗೇ ಬೀಳಲಿಲ್ಲ. ಅಂದಿನಿಂದ ಯಾರು ಕರೆದರೂ ಮಂಡಿನೋವು ಅಂದಳು. ಮಂಡಿಯಲ್ಲಿ ಏನೂ ಇರಲಿಲ್ಲ.

ಕೇಕು ಬಂದದ್ದು ಆಮೇಲೆ. ಅಣ್ಣಾ ನಗರದಲ್ಲಿರುವ ಮಗಳು ಅಕ್ಷಯಾ ತನ್ನ ಹಳೆಯ ಓವನ್ ತಂದಿಟ್ಟು ಹೋದಳು. ಮೊದಮೊದಲು ಜಾನಕಮ್ಮ ಅದರ ಮೇಲೆ ಪಂಚಾಂಗ ಇಡುತ್ತಿದ್ದಳು. ಒಂದು ಮಧ್ಯಾಹ್ನ ಏನನ್ನಿಸಿತೋ, ಮಗಳು ಫೋನಿನಲ್ಲಿ ಹೇಳುತ್ತ ಹೋದಂತೆ ಮೊಟ್ಟೆಯ ಬದಲು ಮೊಸರು ಹಾಕಿ ಒಂದು ಕೇಕು ಮಾಡಿದಳು. ಅದು ಉಬ್ಬಿ ಬಂದಾಗ ಅವಳಿಗೆ ಹೊಳೆದದ್ದು ಇಷ್ಟು: ಇದಕ್ಕೆ "ಮೊದಲಿನ ಹಾಗಿಲ್ಲ" ಅನ್ನಲು ಯಾರಪ್ಪನಿಂದಲೂ ಆಗದು, ಯಾಕೆಂದರೆ ಇದಕ್ಕೆ ಮೊದಲು ಅನ್ನುವುದೇ ಇಲ್ಲ.

ಕೆಳಗಿನ ಮನೆಯ ಪ್ರೇಮಮ್ಮನಿಗೆ ಒಂದು ತುಂಡು ಹೋಯಿತು. ಪ್ರೇಮಮ್ಮ ಮಂಡ್ಯ ಕಡೆಯವರು, ಮಗ ದಿನೇಶ್‌ಗೆ ಮದರಾಸಿನ ಗಿಂಡಿಯಲ್ಲಿ ಕೆಲಸವಾದ ಮೇಲೆ ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು. ತಿಂದವರೇ ಮೇಲೆ ಹತ್ತಿ ಬಂದರು.

"ಜಾನಕಮ್ಮೋರೇ, ನಮ್ ತೇಜು ಹುಟ್ಟಿದ್ ಹಬ್ಬ ಶನಿವಾರ. ಕೇಕು ನೀವೇ ಮಾಡ್ಕೊಡ್ಬೇಕು. ಅದೇ, ಹಣ್ಣು, ಬೀಜ ಎಲ್ಲಾ ಹಾಕಿ, ಮಧ್ಯದಲ್ಲಿ ಬೆಳ್ಳಗೆ ಚೀಸಿನ ಕ್ರೀಮು ಬಳೀತಾರಲ್ಲ, ಅದು. ನನ್ ಸೊಸೆಗೆ ಫೋಟೋ ತೋರ್ಸವ್ಳೆ ತೇಜು."

"ನನ್ನ ಕೈಯಲ್ಲಿ ಆಗತ್ತಾ ಪ್ರೇಮಮ್ಮ?"

"ಆಯ್ತದೆ ಬುಡಿ. ಈಗ ತಿಂದಿದ್ದೇನ್ ಮಣ್ಣಾ?"

ಜಾನಕಮ್ಮ ಒಪ್ಪಿಕೊಂಡಳು. ಒಪ್ಪಿಕೊಂಡ ಗಳಿಗೆಯಿಂದ ಅದು ತೇಜುವಿನ ಕೇಕಾಗಿ ಉಳಿಯಲಿಲ್ಲ. ಇದು ಸರಿಯಾಗಿ ಬಂದರೆ ಕೈ ಹೋಗಿಲ್ಲ. ಕೆಟ್ಟರೆ ಅವರು ಪಂಕ್ತಿಯಲ್ಲಿ ಹೇಳಿದ್ದೇ ನಿಜ. ಮನಸ್ಸಿನಲ್ಲಿ ಹಾಗೆಂದು ಗೆರೆ ಎಳೆದುಕೊಂಡಳು.

ಶುಕ್ರವಾರವೇ ಕೇಕಿನ ಎರಡು ಬಿಲ್ಲೆ ಬೇಯಿಸಿಟ್ಟಳು. ಕಿವುಚಿದ ಬಾಳೆಹಣ್ಣು, ನೀರು ಹಿಂಡಿದ ಅನಾನಸ್, ಒಣದ್ರಾಕ್ಷಿ, ಹುರಿದು ಪುಡಿಮಾಡಿದ ಗೋಡಂಬಿ ಮತ್ತು ಅಕ್ರೋಟು. ವಾಸನೆ ಮೆಟ್ಟಿಲಿಳಿದು ಪ್ರೇಮಮ್ಮನ ಮನೆಗೂ ಹೋಯಿತು. ಕ್ರೀಮ್ ಚೀಸ್ ಫೋನಿನಲ್ಲಿ ತರಿಸಿದಳು. ಕೇಳಿದ್ದು ಇರಲಿಲ್ಲವೆಂದು ಅಂಗಡಿಯವರು ಬೇರೊಂದು ಡಬ್ಬಿ ಕಳಿಸಿದ್ದರು. ಅದೂ ಬೆಳ್ಳಗೆ, ಅದೂ ಚೀಸ್. ಜಾನಕಮ್ಮ ಕನ್ನಡಕ ಹಾಕಿಕೊಂಡು ಡಬ್ಬಿಯನ್ನು ಸುತ್ತಲೂ ತಿರುಗಿಸಿ ಓದಿದಳು. ಹಸಿರು ಚುಕ್ಕೆ ಇದೆ. ಮೊಟ್ಟೆ ಇಲ್ಲ. ಈರುಳ್ಳಿ ಇಲ್ಲ. ಬೆಳ್ಳುಳ್ಳಿ ಇಲ್ಲ. ತೃಪ್ತಿಯಾಗಿ ಮುಚ್ಚಳ ತೆಗೆದಳು. ಉಪ್ಪು ಎಂದು ಬರೆದಿದ್ದರ ಮೇಲೆ ಕಣ್ಣು ಹರಿದೇ ಹೋಗಿತ್ತು, ಆದರೆ ಉಪ್ಪು ಯಾವ ಶಾಸ್ತ್ರದಲ್ಲಿ ನಿಷಿದ್ಧ? ಅದು ಬ್ರೆಡ್ಡಿಗೆ ಸವರುವ ಉಪ್ಪು ಚೀಸು. ಬೇರೆ ಯಾವ ಹೆಂಗಸಾದರೂ ಬೆರಳಲ್ಲಿ ತೆಗೆದು ನಾಲಗೆಗೆ ತಾಗಿಸಿ ನೋಡುತ್ತಿದ್ದಳು. ಜಾನಕಮ್ಮನ ಕೈ ಬಾಯಿಯ ಕಡೆ ಹೋಗುವ ಕೈಯಲ್ಲ.

ಮದರಾಸಿನ ಸೆಕೆಗೆ ಕ್ರೀಮು ಕರಗಿ ಹರಿಯುತ್ತದೆಂದು ಎಸಿ ಇದ್ದ ಮಲಗುವ ಕೋಣೆಯಲ್ಲೇ ಇಸ್ತ್ರಿ ಮೇಜಿನ ಮೇಲೆ ಎಲ್ಲ ಹರಡಿಕೊಂಡಳು. ವಿಷ್ಣುತೀರ್ಥರು ಮಂಚದ ಮೇಲೆ ಪೇಪರು ಓದುತ್ತಿದ್ದರು. ಬೆಣ್ಣೆ, ಚೀಸು, ಸಕ್ಕರೆಪುಡಿ ಕಡೆದು, ಒಂದು ಚಮಚ ಬೇರೆ ಬಟ್ಟಲಿಗೆ ತೆಗೆದು ಅವರ ಮುಂದೆ ಹಿಡಿದಳು.

ಅವರು ಕಣ್ಣು ಮುಚ್ಚಿದರು. ಚಪ್ಪರಿಸಿದರು.

"ಸಿಹಿ ಮುಂದಾಯ್ತು. ಚೀಸ್ ಇನ್ನೂ ಹಾಕು."

"ಇನ್ನೂವಾ?"

"ಆಮಾ. ಸುಮ್ಮಾ ಸಕ್ಕರೆ ಸುರಿದ್ರೆ ಆಯ್ತಾ?"

ಡಬ್ಬಿಯಲ್ಲಿ ಉಳಿದಿದ್ದನ್ನೆಲ್ಲ ಬಳಿದು ಹಾಕಿದಳು.

ಶನಿವಾರ ಸಂಜೆ ಪ್ರೇಮಮ್ಮನ ಮನೆ ತುಂಬ ಮಕ್ಕಳು, ಬಲೂನು, ದಿನೇಶನ ಆಫೀಸಿನವರು. ಕೇಕನ್ನು ನೋಡಿ ಎಲ್ಲರೂ ಆಹಾ ಅಂದರು. ತೇಜು ಕತ್ತರಿಸಿದಳು, ಚಪ್ಪಾಳೆಯಾಯಿತು, ಮೊದಲ ತುಂಡು ಬಾಯಿಗೆ ಹೋಯಿತು. ಮಗುವಿನ ಮುಖ ಕಿವುಚಿಕೊಂಡಿತು. ತಿಂದಿದ್ದು ಹೊಸ ಗೌನಿನ ಮೇಲೆ ಬಿತ್ತು.

"ಐಯ್ಯೇ! ಉಪ್ಪು ಕೇಕ್!"

ಮಕ್ಕಳೆಲ್ಲ ಉಪ್ಪು ಕೇಕ್, ಉಪ್ಪು ಕೇಕ್ ಎಂದು ಕುಣಿದವು. ದೊಡ್ಡವರು ಒಂದು ಚೂರು ಬಾಯಿಗಿಟ್ಟು, ತಟ್ಟೆಗಳನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ಪ್ರೇಮಮ್ಮ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡರು.

"ಬೇಜಾರ್ ಮಾಡ್ಕಬ್ಯಾಡಿ ಜಾನಕಮ್ಮೋರೇ. ಒಂದೊಂದ್ ಸಲ ಹಂಗಾಯ್ತದೆ. ಕೇಕು ಚೆನ್ನಾಗೇ ಅದೆ, ಆ ಬೆಳ್ಳಗಿರೋದೇ ಕೆಡ್ಸಿರೋದು."

ಆಗ ಜಾನಕಮ್ಮ ತನ್ನ ತಟ್ಟೆಯದನ್ನು ತಿಂದಳು. ಪ್ರೇಮಮ್ಮ ಹೇಳಿದ್ದು ನಿಜವಾಗಿತ್ತು. ಕೇಕಿನಲ್ಲಿ ಅನಾನಸಿನ ಹುಳಿ, ಬಾಳೆಹಣ್ಣಿನ ಸಿಹಿ, ಹುರಿದ ಬೀಜದ ಘಮ ಎಲ್ಲ ಇದ್ದಲ್ಲೇ ಇದ್ದವು. ಮೇಲಿನ ಕ್ರೀಮು ಮಾತ್ರ ಸಮುದ್ರದ ನೀರು. ಮೊದಲು ಅವಮಾನಕ್ಕೆ ಕಿವಿ ಬಿಸಿಯಾಯಿತು. ಎರಡನೇ ತುತ್ತು ನುಂಗುವಾಗ ತಲೆಯಲ್ಲಿ ಒಂದು ಪ್ರಶ್ನೆ ಎದ್ದು ಕೂತಿತು. ಇದನ್ನು ಚಪ್ಪರಿಸಿದ ಮನುಷ್ಯ, ಸಿಹಿ ಮುಂದಾಯ್ತು ಅಂದದ್ದು ಹೇಗೆ?

ಮೆಟ್ಟಿಲು ಹತ್ತುವಾಗಲೇ ಅವಳಿಗೆ ಅರ್ಧ ಗೊತ್ತಾಗಿತ್ತು. ನಾಲ್ಕು ವರ್ಷದ ಹಿಂದೆ ಇಬ್ಬರಿಗೂ ಕೊರೊನಾ ಜ್ವರ ಬಂದಿತ್ತು. ಇಬ್ಬರಿಗೂ ರುಚಿ ಹೋಗಿತ್ತು. ಅವಳಿಗೆ ವಾರದಲ್ಲಿ ಮರಳಿತು. ಅವರನ್ನು ಕೇಳಿದಾಗ, "ಬಂತು, ಬಂತು, ಅದಕ್ಕೇನು ದೊಡ್ಡ ವಿಷಯ" ಅಂದಿದ್ದರು.

ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿದಳು. ಸಕ್ಕರೆಯ ಜಾಗದಲ್ಲಿ ಒಂದು ಚಮಚ ಪುಡಿಯುಪ್ಪು ಹಾಕಿ ಕದಡಿದಳು. ವಿಷ್ಣುತೀರ್ಥರು ಲೋಟ ಎತ್ತಿ ಒಂದು ಗುಟುಕು, ಎರಡು ಗುಟುಕು ಕುಡಿದರು. ಅವಳು ಎದುರಿಗೆ ನಿಂತೇ ಇದ್ದಳು.

"ಡಿಕಾಕ್ಷನ್ ತೆಳ್ಳಗಾಯ್ತು. ಸಕ್ಕರೆನೂ ಒಂಚೂರು ಜಾಸ್ತಿ" ಅಂದರು ವಿಷ್ಣುತೀರ್ಥರು.

ಜಾನಕಮ್ಮನಿಗೆ ಪಿತ್ತ ನೆತ್ತಿಗೇರಿತು. ಆ ಮನೆಯ ಗೋಡೆಗಳು ಅವಳ ಏರಿದ ದನಿಯನ್ನು ಅದುವರೆಗೆ ಕೇಳಿರಲಿಲ್ಲ.

"ಸಕ್ಕರೆ ಜಾಸ್ತಿಯಾ? ಅದರಲ್ಲಿ ಸಕ್ಕರೆನೇ ಇಲ್ಲ! ಉಪ್ಪು ಹಾಕಿದೀನಿ, ಉಪ್ಪು! ಕುಡೀರಿ, ಪೂರ್ತಿ ಕುಡೀರಿ!"

ಅವರು ಲೋಟ ಕೆಳಗಿಟ್ಟರು. ಲೋಟದೊಳಗೆ ಇಣುಕಿ ನೋಡಿದರು, ಅಲ್ಲೇನೋ ಉತ್ತರ ಇದ್ದ ಹಾಗೆ.

"ಡಾಕ್ಟರ್ ಬರತ್ತೆ ಅಂದ್ರು" ಅಂದರು ಕೊನೆಗೆ. "ಆರು ತಿಂಗಳು ನೋಡಿದೆ. ಬರಲಿಲ್ಲ. ಬಾಯಿಗೆ ಏನಿಟ್ರೂ ಹತ್ತಿ ಜಗಿದ ಹಾಗೆ."

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ರಿಟೈರ್ ಆದ ಮೇಲೆ ಈ ಮನೇಲಿ ನನ್ನನ್ನ ಕೇಳೋದು ಅದೊಂದೇ. ಹೇಗಿದೆ, ಹೇಗಿದೆ ಅಂತ. ಅದೂ ಹೋದ್ರೆ ನಾನು ಯಾರು?"

ಒಂದು ಕ್ಷಣ ಅವಳಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ಅವರ ಒಂದು ಕೆಲಸ ಉಳಿಸಿಕೊಳ್ಳಲು ಅವಳ ಒಂದೇ ಹೆಮ್ಮೆಯನ್ನು ಒಲೆಗೆ ಹಾಕಿದ್ದರು. ನಲವತ್ತು ಜನರ ಮುಂದೆ ಕೈರುಚಿ ಹೋಯ್ತು ಅಂದ ಬಾಯಿಗೆ, ತಿನ್ನುತ್ತಿರುವುದು ಬೆಲ್ಲವೋ ಬೂದಿಯೋ ಗೊತ್ತಿರಲಿಲ್ಲ. ಅದನ್ನು ನಂಬಿ ಅವಳು ತನ್ನ ಮಂಡಿಗೆ ಇಲ್ಲದ ನೋವು ಅಂಟಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. ಸರಿಯಾಗಿದ್ದ ತನ್ನ ನಾಲಗೆಯನ್ನೇ ಸುಳ್ಳು ಅಂದಿದ್ದಳು. ಈ ಕೊನೆಯದಕ್ಕೆ ತನ್ನ ಕೆನ್ನೆಗೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಗೊತ್ತಾಗದೆ ಇದ್ರೆ ಸುಳ್ಳು ಹೇಳಿದ್ರಿ. ಶರಿ. ಸುಳ್ಳೇ ಹೇಳೋದಾದ್ರೆ ಒಳ್ಳೇ ಸುಳ್ಳು ಹೇಳಕ್ಕೆ ಏನಾಗಿತ್ತು? ಚೆನ್ನಾಗಿದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ವಿಷ್ಣುತೀರ್ಥರು ತಲೆಯೆತ್ತಲಿಲ್ಲ.

"ಚೆನ್ನಾಗಿದೆ ಅಂದಿದ್ರೆ ನಿನಗೆ ಅನುಮಾನ ಬಂದುಬಿಡ್ತಿತ್ತು."

ನಿಜವಾಗಿತ್ತಲ್ಲ! ಚೆನ್ನಾಗಿದೆ ಎಂದು ಇವರು ಒಂದೇ ಒಂದು ದಿನ ಅಂದಿದ್ದರೂ ಅವಳು ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಬರುವ ಒಳ್ಳೆಯ ಮಾತು ರೋಗದ ಲಕ್ಷಣವಾಗುವಂತೆ ಬದುಕಿದ್ದರು ಇಬ್ಬರೂ. ಅವಳು ಲೋಟ ಎತ್ತಿಕೊಂಡು ಹೋಗಿ ಕಾಫಿಯನ್ನು ಸಿಂಕಿಗೆ ಸುರಿದಳು. ಆ ರಾತ್ರಿ ಮನೆಯಲ್ಲಿ ಅಡುಗೆಯಾಗಲಿಲ್ಲ. ಬೇಕಾದವರು ಬಾಳೆಹಣ್ಣು ತಿಂದುಕೊಳ್ಳಬಹುದಿತ್ತು.

ಭಾನುವಾರ ಎದ್ದವಳೇ ಅಕ್ಷಯಾಗೆ ಫೋನು ಮಾಡಿ ಎಲ್ಲ ಹೇಳಿದಳು. ಅಕ್ಷಯಾ, "ಅಮ್ಮಾ, ಪಾವಂ ಅಪ್ಪಾ" ಎಂದು ಶುರುಮಾಡಿದಳು.

"ಅಪ್ಪ ಪಾಪ, ನಾನು ಏನು? ಫೋನ್ ಇಡು. ಬರುವಾಗ ಸರಿಯಾದ ಚೀಸ್ ತಗೊಂಡು ಬಾ, ಉಪ್ಪಿಲ್ಲದ್ದು."

ಆಮೇಲೆ ಮಾಂಬಲದ ಓರಗಿತ್ತಿಗೆ ಫೋನು ಮಾಡಿ, ಮುಂದಿನ ಸಮಾರಾಧನೆಗೆ ಹಯಗ್ರೀವ ತನ್ನದು ಎಂದಳು. ಮಂಡಿನೋವು ಏನಾಯಿತು ಎಂದು ಓರಗಿತ್ತಿ ಕೇಳಿದರೆ, ಹೋಯಿತು ಅಂದಳು.

ಅಕ್ಷಯಾ ಚೀಸು ಕೊಟ್ಟು ಹೋದ ಮೇಲೆ, ಮಧ್ಯಾಹ್ನ ಮತ್ತೆ ಎರಡು ಬಿಲ್ಲೆ ಬೆಂದವು. ಮಲಗುವ ಕೋಣೆಯಿಂದ ಗಂಡನನ್ನು ನಡುಮನೆಗೆ ಕಳಿಸಿ, ಬಾಗಿಲು ಹಾಕಿಕೊಂಡು, ಎಸಿ ಹಾಕಿ, ನಿಂಬೆ ಸಿಪ್ಪೆ ತುರಿದು ಸೇರಿಸಿ ಕ್ರೀಮು ಕಡೆದಳು. ಕಡೆದು ನಿಂತಳು. ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು, ಆದರೂ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. ಆಮೇಲೆ ತೋರುಬೆರಳನ್ನು ಬಟ್ಟಲಿನಲ್ಲಿ ಅದ್ದಿ ಬಾಯಿಗಿಟ್ಟಳು. ಯಾರಿಗೂ ಬಡಿಸುವ ಮೊದಲು, ದೇವರಿಗೂ ಮೊದಲು. ಸಿಹಿ, ಅದರ ಹಿಂದೆ ಸಣ್ಣ ಹುಳಿ, ನಿಂಬೆ ಸಿಪ್ಪೆಯ ಪರಿಮಳ. ಇನ್ನೊಂದು ಸಲ ಅದ್ದಿದಳು. ಸಂತೋಷಪಡಬೇಕಿತ್ತು, ಆದರೆ ಅಳು ಬಂತು. ಅಳುವಿನಲ್ಲಿ ಮುಕ್ಕಾಲು ಪಾಲು ಸಿಟ್ಟೇ ಇತ್ತು. ಕೈ ತೊಳೆದುಕೊಂಡು, ಎರಡು ಬಿಲ್ಲೆಯ ನಡುವೆ ಮತ್ತು ಮೇಲೆ ಕ್ರೀಮು ಬಳಿದು, ಬೀಜಗಳನ್ನು ಉದುರಿಸಿದಳು.

ತೇಜುವಿಗೆಂದು ಕೆಳಗೆ ಒಯ್ಯುವ ಮೊದಲು ಅಂಚಿನಿಂದ ಎರಡು ತುಂಡು ಕತ್ತರಿಸಿದಳು. ನಡುಮನೆಯ ಊಟದ ಮೇಜಿನಲ್ಲಿ ಒಂದನ್ನು ಅವರ ಮುಂದೆ ತಳ್ಳಿ, ಎದುರಿಗೆ ತಾನೂ ಕೂತಳು. ಅವರ ಜೊತೆಯಲ್ಲಿ ಕೂತು ತಿಂದದ್ದು ಅದೇ ಮೊದಲು. ವಿಷ್ಣುತೀರ್ಥರು ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಲಿಲ್ಲ. ಅವಳು ಅಗಿಯುವುದನ್ನೇ ನೋಡುತ್ತ ಕೂತರು.

"ಹೇಗಿದೆ ಜಾನಕಿ?" ಅಂದರು. "ನೀನಾದ್ರೂ ಹೇಳೇ. ನನಗೆ ತಿಳ್ಕೋಬೇಕು."

ಉತ್ತರ ಅವಳ ಬಾಯಿಯ ತುಂಬ ಇತ್ತು. ಅವಳು ಅದನ್ನು ನಿಧಾನವಾಗಿ ಅಗಿದು, ಪೂರ್ತಿ ನುಂಗಿ, ತಟ್ಟೆಗೆ ಅಂಟಿದ್ದ ಕ್ರೀಮನ್ನೂ ಬೆರಳಲ್ಲಿ ಬಳಿದು ತಿಂದಳು. ಎದ್ದು ಕೇಕಿನ ಡಬ್ಬ ಎತ್ತಿಕೊಂಡಳು.

"ಹೇಳ್ತೀನಿ" ಅಂದಳು, ಚಪ್ಪಲಿ ಮೆಟ್ಟಿಕೊಳ್ಳುತ್ತ. "ನನಗೂ ನಾಲ್ಕು ವರ್ಷ ಬೇಕು."