ಇಬ್ಬನಿ ಕೊಡವುವ ಭಾವ

ನಮ್ಮ ಭಾವನಿಗೆ ಕೋಪವೇ ಬರುವುದಿಲ್ಲ. ಅವರ ಪಾಲಿನದ್ದೂ ಸೇರಿಸಿ ನನಗೇ ಬರುತ್ತದೆ. ಅಕ್ಕನ ಮದುವೆಯಾದಾಗ ನನಗೆ ಹದಿಮೂರು. ಅವರನ್ನು ರೇಗಿಸುವ ಹಕ್ಕು ಆಗಿನಿಂದಲೂ ನನ್ನದು. "ಏನ್ ಭಾವ, ಇವತ್ತು ಹುಲ್ಲಿಗೆಲ್ಲ ಸ್ನಾನ ಆಯ್ತಾ?" ಎಂದರೆ, "ಸ್ನಾನ ಅಲ್ಲ ಪುಟ್ಟಿ, ಬರೀ ಮೈ ಒರೆಸಿದ್ದು" ಎನ್ನುತ್ತಾರೆ. ನನಗೀಗ ನಲವತ್ತೊಂದು, ಸ್ವಂತ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ, ಆದರೂ ಅವರ ಬಾಯಲ್ಲಿ ಪುಟ್ಟಿಯೇ.

ಭಾವ ಗಾಲ್ಫ್ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವವರು. ಅಲ್ಲಿ ಹದಿನೆಂಟು ಕುಳಿಗಳಿವೆ. ಪ್ರತಿ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಹಾಸು. ಬೆಳಗ್ಗೆ ಐದೂವರೆಗೆ ಬಳುಕುವ ಉದ್ದ ಕೋಲೊಂದನ್ನು ಹಿಡಿದು ಆ ಹಾಸುಗಳ ಮೇಲಿನ ಇಬ್ಬನಿಯನ್ನು ಕೊಡವುವುದು ಅವರ ಮೊದಲ ಕೆಲಸ. ಕೊಡವದಿದ್ದರೆ ಹುಲ್ಲಿಗೆ ರೋಗ ಬರುತ್ತದೆ, ಚೆಂಡೂ ಸರಿಯಾಗಿ ಉರುಳುವುದಿಲ್ಲ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಯಾರು ನಡೆದರೂ ಕಪ್ಪನೆಯ ಗೆರೆ ಉಳಿಯುತ್ತದೆ. ಬಂದದ್ದು ಮೊಲವೋ, ಮುಳ್ಳುಹಂದಿಯೋ, ನರಿಯೋ ಎಂದು ಭಾವ ದೂರದಿಂದಲೇ ಹೇಳಬಲ್ಲರು. ಪೇಪರ್ ಓದುವುದಕ್ಕೆ ಕನ್ನಡಕ ಬೇಕು, ಇದನ್ನು ಓದುವುದಕ್ಕೆ ಬೇಡ.

ಅವರ ಮನೆಯೂ ಮೈದಾನದ ಬೇಲಿಯೊಳಗೇ ಇದೆ. ಎರಡು ಕೋಣೆಯ ಕ್ವಾರ್ಟರ್ಸ್. ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಅಕ್ಕನ ಎರಡೂ ಮಂಡಿ ಸವೆದುಹೋಗಿವೆ. ಅವಳು ಹಿಡಿದುಕೊಂಡು ನಡೆಯಲೆಂದು ಭಾವ ಹಾಸಿಗೆಯಿಂದ ಬಚ್ಚಲಿನವರೆಗೆ ಗೋಡೆಗೆ ಹಳೆಯ ನೀರಿನ ಪೈಪನ್ನು ಜಡಿದಿದ್ದಾರೆ. ನನ್ನ ಮನೆಗಾದರೋ ನಲವತ್ತೆರಡು ಮೆಟ್ಟಿಲು. ಐದು ವರ್ಷದಿಂದ ಅಕ್ಕ ನನ್ನ ಮನೆಯ ಹೊಸ್ತಿಲು ತುಳಿದಿಲ್ಲ. ಆ ಕ್ವಾರ್ಟರ್ಸ್ ಕೈತಪ್ಪಿದರೆ ಅವಳಿಗೆ ಹೋಗಲು ಬೇರೆ ಜಾಗವಿಲ್ಲ.

ಹತ್ತು ವರ್ಷದ ಹಿಂದಿನ ಮಾತು. ಮೈದಾನದ ಸದಸ್ಯನೊಬ್ಬನ ಚೆಂಡನ್ನು ನರಿಮರಿಯೊಂದು ಬಾಯಲ್ಲಿ ಕಚ್ಚಿಕೊಂಡು ಹೊರಟಿತ್ತು. ಮರಿಗೆ ಅದು ಆಟ. ಆ ಮಹಾಶಯ ಅದನ್ನು ಪೊದೆಯ ಮೂಲೆಗೆ ಅಟ್ಟಿ ತನ್ನ ಕಬ್ಬಿಣದ ತಲೆಯ ಕೋಲಿನಿಂದ ಹೊಡೆದ. ಮೊದಲ ಏಟಿಗೆ ಅದು ಸಾಯಲಿಲ್ಲ. ಜೊತೆಯವರು ನಗುತ್ತಾ ಏಟು ಎಣಿಸಿದರಂತೆ. ಭಾವ ಕುಳಿಯ ಗುರುತಿಗೆ ನೆಟ್ಟಿದ್ದ ಬಾವುಟವನ್ನು ಕಿತ್ತು ಹಿಡಿದು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. "ಬಾವುಟ ಹಿಡ್ಕೊಂಡೇ ಇದ್ದೆ ಪುಟ್ಟಿ. ಕೆಳಗೆ ಇಡಬಹುದಿತ್ತು" ಎಂದು ನನ್ನ ಮುಂದೆ ಒಂದೇ ಒಂದು ಸಲ ಹೇಳಿದ್ದಾರೆ. ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲದಿರುವುದು ಅವನ ಪುಣ್ಯ.

ಅದೇ ವರ್ಷ ಮೈದಾನದ ಕಮಿಟಿ ಒಂದು ನಿಯಮ ಮಾಡಿತು: ಯಾವ ಹಾಸಿನ ಮೇಲೆ ಪ್ರಾಣಿಯ ಹೆಜ್ಜೆ ಕಂಡರೂ ಅಲ್ಲಿ ತಂತಿಯ ಉರುಲು ಇಡಬೇಕು. ಭಾವ ಎದುರು ಮಾತಾಡಲಿಲ್ಲ. ಹೆಜ್ಜೆ ಬಿದ್ದ ಹಾಸನ್ನು ದಿನಾ ಮೊದಲು ಕೊಡವತೊಡಗಿದರು, ಅಷ್ಟೇ. ಏಳು ಗಂಟೆಗೆ ಮ್ಯಾನೇಜರ್ ಬರುವಷ್ಟರಲ್ಲಿ ನರಿಯೂ ಇಲ್ಲ, ನರಿಯ ಹೆಜ್ಜೆಯೂ ಇಲ್ಲ. ಹತ್ತು ವರ್ಷ ಹೀಗೆ ಎಲ್ಲರ ಕಣ್ಣಿಗೆ ಮಣ್ಣೆರಚಿದರು. ಶಿಸ್ತಿನ ಮನುಷ್ಯ ಎಂದು ಕಮಿಟಿಯವರು ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಅದನ್ನು ನೋಡಿದಾಗಲೆಲ್ಲ ಅಕ್ಕ, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಈ ವರ್ಷ ಹನ್ನೊಂದನೇ ಕುಳಿಯ ಹಿಂದಿನ ಹಾಳು ಪಂಪ್‌ಹೌಸಿನ ಕೆಳಗೆ ಹೆಣ್ಣು ನರಿಯೊಂದು ನಾಲ್ಕು ಮರಿ ಹಾಕಿತು. ಹೊಸದಾಗಿ ಬಂದ ಮ್ಯಾನೇಜರ್ ಒಂದು ದಿನ ಏಳರ ಬದಲು ಆರಕ್ಕೇ ಬಂದ. ಮೈದಾನವೆಲ್ಲ ಬೆಳ್ಳಗೆ ಇಬ್ಬನಿ. ಅದರ ನಡುವೆ ಭಾವನ ಮನೆ ಬಾಗಿಲಿನಿಂದ ಹನ್ನೊಂದನೇ ಕುಳಿಯವರೆಗೆ ಒಂದೇ ಒಂದು ಕಪ್ಪು ಗೆರೆ, ದಾರ ಹಿಡಿದು ಎಳೆದಷ್ಟು ನೇರ. ನರಿಯ ಹೆಜ್ಜೆ ಅಳಿಸಿದ ಪುಣ್ಯಾತ್ಮ ತಮ್ಮ ಬೂಟಿನ ಹೆಜ್ಜೆ ಮರೆತಿದ್ದರು.

"ಒಂದರಿಂದ ಶುರು ಮಾಡೋದು ಬಿಟ್ಟು ನೇರ ಇಲ್ಲಿಗೇ ಯಾಕೆ ಬಂದ್ರಿ?" ಎಂದು ಕೇಳಿದನಂತೆ ಮ್ಯಾನೇಜರ್. ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ, ತೊದಲಿದರು. ಅವನು ಸುತ್ತ ಹುಡುಕಿದ, ಪಂಪ್‌ಹೌಸಿನ ಬಿಲ ಸಿಕ್ಕಿತು. ಅವತ್ತೇ ಭಾವನ ಕೈಯಲ್ಲೇ ಉರುಲು ಇಡಿಸಿದ. ಕೆಲಸದ ಚೀಟಿಯಲ್ಲಿ 'ಉರುಲು ಇಟ್ಟವರು' ಎಂಬ ಜಾಗದಲ್ಲಿ ಭಾವನ ಸಹಿ. ಮ್ಯಾನೇಜರ್ ಎಲ್ಲವನ್ನೂ ಬಾಯಿಮಾತಿನಲ್ಲೇ ಹೇಳಿದ್ದ.

ಮೂರನೆಯ ದಿನ ಬೆಳಗ್ಗೆ ನರಿ ಸಿಕ್ಕಿಬಿದ್ದಿತ್ತು. ಮುಂಗಾಲಿಗೆ ತಂತಿ ಬಿಗಿದು ಮೂಳೆ ಕಾಣುತ್ತಿತ್ತು. ತಾವೇ ಗಂಟು ಹಾಕಿದ್ದ ತಂತಿಯನ್ನು ಭಾವ ಇಕ್ಕಳದಿಂದ ಕತ್ತರಿಸಿದರು. ಅದು ಅವರ ಬಲಗೈಯನ್ನು ಕಚ್ಚಿ, ಮೂರು ಕಾಲಲ್ಲಿ ಕುಂಟುತ್ತಾ ಬಿಲ ಸೇರಿತು. ಅವರು ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು, ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬರುವಷ್ಟರಲ್ಲಿ ಮ್ಯಾನೇಜರ್ ತುಂಡಾದ ತಂತಿ ಹಿಡಿದು ಕಾಯುತ್ತಿದ್ದ.

"ಸಂಜೆ ಆರಕ್ಕೆ ನಾನೇ ನಿಂತು ನೋಡ್ತೀನಿ. ಹೊಸ ತಂತಿ ಹಾಕಿ. ಆಗಲ್ಲ ಅಂದ್ರೆ ಮನೆ ಬೀಗದಕೈ ಕೊಡಿ, ಬೇರೆಯವರು ಹಾಕ್ತಾರೆ."

ಹಾಕಿದರೆ ನರಿ ಸಾಯುತ್ತದೆ. ಹಾಕದಿದ್ದರೂ ಸಾಯುತ್ತದೆ, ಮೇಲೆ ಅಕ್ಕ ಬೀದಿಗೆ ಬರುತ್ತಾಳೆ.

ಹನ್ನೊಂದು ಗಂಟೆಗೆ ಭಾವ ನನ್ನ ಅಂಗಡಿಗೆ ಬಂದರು. "ಪುಟ್ಟಿ, ಕೈ ಆಡ್ತಿಲ್ಲ. ಒಂದು ದೂರು ಬರ್ಕೊಡ್ತೀಯಾ?" ನಾನು ಅರ್ಧ ಹೊಲಿದ ಬಟ್ಟೆಯನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದೆ.

ವನ್ಯಜೀವಿ ಕಚೇರಿಯ ಕಿಟಕಿಯಾಚೆ ಕೂತಿದ್ದ ಗುಮಾಸ್ತೆ ಒಳ್ಳೆಯ ಹೆಂಗಸು. ಉರುಲು ಎಂದ ಕೂಡಲೇ ಮುಖ ಕಿವುಚಿದಳು. "ಅದು ಅಪರಾಧ. ಆದ್ರೆ ಖಾಸಗಿ ಜಾಗ ನೋಡಿ. ಆರೋಪಿ ಯಾರೂಂತ ಬರೆದು, ಸಾಕ್ಷಿ ಲಗತ್ತಿಸಿ ದೂರು ಕೊಟ್ರೆ ಮಾತ್ರ ಇವತ್ತೇ ಜೀಪು ಕಳಿಸಿ ನರೀನ ರಕ್ಷಿಸ್ಬಹುದು."

"ಮ್ಯಾನೇಜರ್ ಹೆಸರು ಬರ್ಕೊಳ್ಳಿ" ಎಂದೆ ನಾನು.

"ಅವರ ಸಹಿ ಎಲ್ಲಿದೆ?"

ಭಾವ ಜೇಬಿನಿಂದ ಕೆಲಸದ ಚೀಟಿ ತೆಗೆದು ಕಿಟಕಿಯೊಳಗೆ ಸರಿಸಿದರು. "ಇಲ್ಲಿ ಇರೋದು ನನ್ನ ಸಹಿ. ನನ್ನ ಹೆಸರೇ ಹಾಕಿ."

ಅವಳು ಚೀಟಿ ನೋಡಿದಳು, ಬ್ಯಾಂಡೇಜು ನೋಡಿದಳು. "ನಿಮ್ಮ ಮೇಲೆ ನೀವೇ ದೂರು ಕೊಟ್ರೆ ಈ ಫಾರಂ ನಡೆಯಲ್ಲ ಯಜಮಾನ್ರೇ. ದೂರುದಾರರು ಬೇರೆ ಇರ್ಬೇಕು."

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಭಾವನನ್ನು ಹೊರಗಿನ ಬೆಂಚಿಗೆ ಎಳೆದುಕೊಂಡು ಹೋಗಿ ಬಾಯಿಗೆ ಬಂದಂತೆ ಬೈದೆ. "ಕೇಸು ಬಿದ್ದ ದಿನವೇ ಕೆಲಸದಿಂದ ತೆಗೀತಾರೆ. ಅಕ್ಕನ ಮುಖ ಹೇಗೆ ನೋಡ್ಲಿ ನಾನು? ಒಂದು ನರಿಗೋಸ್ಕರ ನನ್ನ ಕೈಯಲ್ಲಿ ಇದನ್ನ ಮಾಡಿಸ್ತೀರಾ?"

ಅವರು ಪೂರ್ತಿ ಕೇಳಿಸಿಕೊಂಡರು. "ಅಕ್ಕಂಗೆ ಹೇಳೇ ಬಂದಿದೀನಿ. ಅವಳು ಗೋಡೆ ಕಡೆ ತಿರುಗಿ ಮಲಗಿದಳು" ಎಂದರು. ಆಮೇಲೆ ಬ್ಯಾಂಡೇಜಿನ ತುದಿ ಸಿಕ್ಕಿಸಿಕೊಳ್ಳುತ್ತಾ, "ಆ ಪೈಪು ಬಿಚ್ಚಿ ತರ್ತೀನಿ ಪುಟ್ಟಿ. ನಿನ್ನ ಮೆಟ್ಟಿಲಿಗೆ ಹಾಕ್ತೀನಿ. ನಿಧಾನವಾಗಿ ಹತ್ತಲಿ" ಎಂದರು.

ಆ ಪೈಪು ನಲವತ್ತೆರಡು ಮೆಟ್ಟಿಲಿಗೆ ಸಾಲುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

ಕಚೇರಿಯ ಗಡಿಯಾರದಲ್ಲಿ ಒಂದೂವರೆ ಆಗಿತ್ತು. ನಾನು ಫಾರಂ ತೆಗೆದುಕೊಂಡೆ. ದೂರುದಾರರ ಹೆಸರು, ನನ್ನದು. ಆರೋಪಿಯ ಹೆಸರು, ಅವರದು. ಆರೋಪಿಯ ವಿಳಾಸ ಎಂಬಲ್ಲಿ ಅಕ್ಕ ಮಲಗಿರುವ ಮನೆಯ ನಂಬರು ಬರೆದೆ. ಅದರ ಕೆಳಗೆ 'ದೂರುದಾರರಿಗೆ ಆರೋಪಿಯು ಏನಾಗಬೇಕು' ಎಂದಿತ್ತು. ಪೆನ್ನು ಅಲ್ಲೇ ನಿಂತಿತು.

"ಅಲ್ಲಿ ಎಲ್ಲರೂ 'ಏನೂ ಇಲ್ಲ' ಅಂತ ಬರೀತಾರೆ ಮೇಡಂ" ಎಂದಳು ಗುಮಾಸ್ತೆ ಮೆತ್ತಗೆ.

'ಭಾವ' ಎಂದು ಬರೆದು ಸಹಿ ಹಾಕಿದೆ.

ನಾಲ್ಕು ಗಂಟೆಗೆ ಜೀಪು ಹೊರಟಿತು. ಪಂಪ್‌ಹೌಸಿನ ದಾರಿ ತೋರಿಸುವುದಕ್ಕೆಂದು ಆರೋಪಿಯನ್ನು ಡ್ರೈವರಿನ ಪಕ್ಕದಲ್ಲೇ ಕೂರಿಸಿದರು.