ಕೈಬರಹಕ್ಕೆ ಸಿಕ್ಕವರು

ಹರ್ಬರ್ಟ್ ಮಸ್ಕರೇನ್ಹಸ್ ಜನ್ಮದಲ್ಲಿ ಬಂದೂಕು ಮುಟ್ಟಿದವರಲ್ಲ. ಅಡುಗೆಮನೆಯಲ್ಲಿ ಜಿರಳೆ ಕಂಡರೆ ಹೆಂಡತಿಯನ್ನು ಕೂಗುವ ಪೈಕಿ. ಅಂಥವರು ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಪ್ಲಾಸ್ಟಿಕ್ ಬಕೆಟ್ಟುಗಳ ಗೋದಾಮಿನ ಮೇಲಿನ ಪುಟ್ಟ ಆಫೀಸಿನಲ್ಲಿ ಕೂತು, ಅಮೆರಿಕದ ಮುದುಕರು ಯಾವ ಬೆಟ್ಟದಲ್ಲಿ ಜಿಂಕೆ ಹೊಡೆಯಬೇಕೆಂದು ತೀರ್ಮಾನಿಸುತ್ತಿದ್ದರು. ಕೆನ್ಯಾದಲ್ಲಿ ಬೇಟೆ ನಿಷೇಧವಾಗಿ ಮೂವತ್ತೇಳು ವರ್ಷ ಕಳೆದಿತ್ತು. ಆದರೆ ಕಂಪ್ಯೂಟರಿಗೆ ಎಲ್ಲಿಯ ಕಾಡಾದರೇನು?

ಕೆಲಸ ಹೇಳುವುದಕ್ಕೆ ಸುಲಭ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಜಿಂಕೆ ಹೊಡೆಯಬೇಕಾದರೆ ಟ್ಯಾಗ್ ಬೇಕು. ಟ್ಯಾಗ್ ಅಂದರೆ ಸತ್ತ ಪ್ರಾಣಿಗೆ ಕಟ್ಟುವ ಚೀಟಿ. ಒಂದೊಂದು ಪ್ರದೇಶಕ್ಕೆ ಇಷ್ಟೇ ಚೀಟಿ ಎಂದು ಲೆಕ್ಕ, ಅರ್ಜಿ ಹಾಕಿದವರಿಗೆಲ್ಲ ಲಾಟರಿ. ಸಿಗದಿದ್ದವರಿಗೆ ಸಮಾಧಾನಕ್ಕೆ ವರ್ಷಕ್ಕೊಂದು ಪಾಯಿಂಟು. ಪಾಯಿಂಟು ಕೂಡಿದಷ್ಟೂ ಮುಂದಿನ ಸಲ ಸಿಗುವ ಸಂಭವ ಹೆಚ್ಚು. ಸಿಕ್ಕಿದ ದಿನ ಪಾಯಿಂಟೆಲ್ಲ ಸೊನ್ನೆ. ಹಾಗಾಗಿ ಕೆಲವರು ಟ್ಯಾಗೇ ಕೇಳದೆ, ಪಾಯಿಂಟು ಮಾತ್ರ ಕೊಡಿ ಎಂದು ಅರ್ಜಿ ಹಾಕಿಸಿ, ಜೀವಮಾನವೆಲ್ಲ ಕೂಡಿಟ್ಟು, ಒಂದು ಒಳ್ಳೆಯ ಬೆಟ್ಟಕ್ಕಾಗಿ ಕಾಯುತ್ತಾರೆ. ಇಂಥವರ ಪರವಾಗಿ ಅಂಕಿ ಅಂಶ ನೋಡಿ ಅರ್ಜಿ ತುಂಬುವುದು ಹರ್ಬರ್ಟರ ನೌಕರಿ.

ಈ ಕಸುಬು ರಕ್ತದಲ್ಲೇ ಇತ್ತೆನ್ನಬೇಕು. ತಂದೆ ವಲೇರಿಯನ್ ಮಂಗಳೂರಿನಿಂದ ಹಡಗು ಹತ್ತಿ ಬಂದವರು, ನೈರೋಬಿಯ ಪಂಗಾನಿಯಲ್ಲಿ ಮನೆ ಮಾಡಿ ಬೇಟೆ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆನೆ ಒಂದು, ಜೀಬ್ರಾ ಎರಡು, ಹುಲ್ಲೆ ನಾಲ್ಕು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಕೊಡುತ್ತಿದ್ದರು. ಎಪ್ಪತ್ತೇಳರಲ್ಲಿ ಬೇಟೆ ನಿಂತ ಮೇಲೆ ಅವರಿಗೊಂದು ಚಾಳಿ ಅಂಟಿಕೊಂಡಿತು. ನವೆಂಬರ್ ಎರಡು, ಮೃತರ ಸ್ಮರಣೆಯ ದಿನ, ಇಗರ್ಜಿಯಲ್ಲಿ ಲಕೋಟೆ ಕೊಡುತ್ತಾರಷ್ಟೆ. ಮನೆಯ ಸತ್ತವರ ಹೆಸರು ಬರೆದು ಅದರೊಳಗಿಟ್ಟು ಒಪ್ಪಿಸಿದರೆ ಪಾದ್ರಿಗಳು ಪೂಜೆಯಲ್ಲಿ ಓದುತ್ತಾರೆ. ವಲೇರಿಯನ್ ತಂದೆ ತಾಯಿಯ ಹೆಸರೆಲ್ಲ ಬರೆದಾದ ಮೇಲೆ ಕೊನೆಗೊಂದು ಸಾಲು ಸೇರಿಸುತ್ತಿದ್ದರು: “ನನ್ನ ಕೈಬರಹಕ್ಕೆ ಸಿಕ್ಕವರೆಲ್ಲ.” ಯಾವ ಪಾದ್ರಿಯೂ ಅದನ್ನು ಓದಿದ್ದಿಲ್ಲ. ಮುದುಕನ ಹುಚ್ಚು ಎಂದು ಬಿಟ್ಟುಬಿಡುತ್ತಿದ್ದರು. ಅಪ್ಪ ಹೋದ ಮೇಲೂ ಹರ್ಬರ್ಟ್ ಆ ಸಾಲನ್ನು ತಪ್ಪದೆ ಬರೆಯುತ್ತಾ ಬಂದರು. ಏಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

2014ರ ನವೆಂಬರ್ ಎರಡು ಭಾನುವಾರ ಬಂತು. ಹರ್ಬರ್ಟರ ಜೇಬಿನಲ್ಲಿ ಎರಡು ಕಾಗದ. ಒಂದರಲ್ಲಿ ಮನೆಯ ಸತ್ತವರು. ಇನ್ನೊಂದರಲ್ಲಿ ಮುಂದಿನ ವರ್ಷಕ್ಕೆ ಟ್ಯಾಗೋ ಪಾಯಿಂಟೋ ಎಂದು ಇನ್ನೂ ತಿಳಿಸದ ಒಂಬತ್ತು ಗಿರಾಕಿಗಳು. ಎರಡೂ ಒಂದೇ ನೋಟ್‌ಬುಕ್ಕಿನ ಹಾಳೆ, ಒಂದೇ ಶಾಯಿ, ಅಪ್ಪನಿಂದ ಬಂದ ಅದೇ ಮುತ್ತಿನ ಅಕ್ಷರ. ಮಡಿಸಿಟ್ಟರೆ ಯಾವುದು ಯಾವುದೆಂದು ದೇವರಿಗೇ ಗೊತ್ತು.

ಪೂಜೆಯಲ್ಲಿ ಫಾದರ್ ಮ್ವಾಂಗಿ ಒಂದೊಂದೇ ಲಕೋಟೆ ತೆರೆದು ಓದುತ್ತಿದ್ದರು. ಮಸ್ಕರೇನ್ಹಸ್ ಕುಟುಂಬದ ಸರದಿ ಬಂದಾಗ ಹರ್ಬರ್ಟ್ ತಲೆ ತಗ್ಗಿಸಿದರು. ಪಾದ್ರಿಗಳ ಗಂಭೀರ ದನಿಯಲ್ಲಿ ಅಮೆರಿಕದ ಹೆಸರುಗಳು ಹೊರಬಂದವು. ಒಂದು, ಎರಡು, ಮೂರು. ನಾಲ್ಕನೆಯದು ಕ್ಲೈಡ್ ಬೆಕರ್. ಐದನೆಯದು ಡೊನಾಲ್ಡ್ ಪ್ರೂಯಿಟ್. ಒಂಬತ್ತೂ ಹೆಸರು ಮುಗಿದ ಮೇಲೆ ಇಡೀ ಸಭೆ ಒಂದೇ ಕಂಠದಲ್ಲಿ, “ಕರ್ತನೇ, ಇವರಿಗೆ ನಿತ್ಯ ವಿಶ್ರಾಂತಿಯನ್ನು ಕೊಡು” ಎಂದಿತು. ಒಂಬತ್ತು ಜನ ಜೀವಂತ ಮನುಷ್ಯರಿಗೆ! ಹರ್ಬರ್ಟ್ ಜೇಬಿನಲ್ಲಿ ಉಳಿದ ಕಾಗದ ಬಿಚ್ಚಿದರು, ಅದರಲ್ಲಿದ್ದದ್ದು ಮನೆಯ ಸತ್ತವರ ಹೆಸರು. ಎದ್ದು ನಿಂತು ಹೇಳುವಷ್ಟು ಧೈರ್ಯ ಬರಲಿಲ್ಲ.

ಹೆಂಡತಿ ಎಮಿಲಿಯಾನಾ ವಿಷಯ ಕೇಳಿ ದಾರಿಯುದ್ದಕ್ಕೂ ನಕ್ಕಳು.

“ಎಂತ ಮಾರಾಯ್ರೆ ನೀವು! ಬದುಕಿದ್ದವ ಸತ್ತ ಅಂತ ಸುದ್ದಿ ಹಬ್ಬಿದ್ರೆ ಆಯುಸ್ಸು ಜಾಸ್ತಿ ಆಗ್ತದೆ. ಅವ್ರು ನಿಮ್ಗೆ ಥ್ಯಾಂಕ್ಸ್ ಹೇಳ್ಬೇಕು.”

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಲಂಗಾಟಾದ ಅವರ ಮನೆಯ ಗೇಟಿನ ಹೊರಗೆ ಒಂದು ಜಿಂಕೆ ನಿಂತಿತ್ತು. ಬುಶ್‌ಬಕ್ ಎನ್ನುತ್ತಾರೆ ಇಲ್ಲಿ. ಕಂದು ಮೈ, ಪಕ್ಕೆಯ ಮೇಲೆ ಬಿಳಿ ಚುಕ್ಕೆ. ವನ್ಯಮೃಗಗಳ ಪಾರ್ಕು ಹತ್ತಿರವಿದ್ದ ಮೇಲೆ ಇಂಥದ್ದೇನೂ ಅಪರೂಪವಲ್ಲ. ಆದರೆ ಕಾಡಿನ ಪ್ರಾಣಿ ಮನುಷ್ಯನನ್ನು ಕಂಡರೆ ಓಡಬೇಕು. ಇದು ಓಡಲಿಲ್ಲ. ಹರ್ಬರ್ಟರನ್ನೇ ನೋಡುತ್ತಾ, ಸರದಿಯಲ್ಲಿ ಕಾಯುವವರಂತೆ ನಿಂತೇ ಇತ್ತು. ಅವರು ಕಾವಲಿನ ಅಸ್ಕಾರಿ ಓಚಿಯೆಂಗನನ್ನು ಕರೆದರು. ಅವನು ಬಂದು ಗೇಟಿನಾಚೆ ಇಣುಕಿ, “ಹಾಕುನಾ ಕಿತು, ಬಾಸ್,” ಎಂದ. ಏನೂ ಇಲ್ಲವಂತೆ. ನಿಜಕ್ಕೂ ಆಗ ಏನೂ ಇರಲಿಲ್ಲ.

ಅಂದು ಆಫೀಸಿನಲ್ಲಿ ಮೇಲ್ ಬಂದಿತ್ತು. ಪಟ್ಟಿಯ ಮೊದಲ ಹೆಸರಿನವನು ತೀರಿಕೊಂಡಿದ್ದ.

ಜನವರಿಯಲ್ಲಿ ಎರಡನೆಯವನು ಹೋದ. ಮಾರ್ಚ್ ಮೊದಲ ವಾರ ಮೂರನೆಯವನು. ಎರಡು ಸಲವೂ ಬೆಳಿಗ್ಗೆ ಗೇಟಿನ ಹೊರಗೆ ಜಿಂಕೆ ನಿಂತಿತ್ತು. ಬರೆದ ವರಸೆಯಲ್ಲೇ ಹೋಗುತ್ತಿದ್ದಾರೆ ಎಂಬುದು ಹರ್ಬರ್ಟರಿಗೆ ಹೊಳೆದದ್ದು ಮೂರನೆಯ ಸಲ. ಅಂದು ಊಟದ ಡಬ್ಬಿ ಮುಚ್ಚಿಟ್ಟವರು ತೆರೆಯಲೇ ಇಲ್ಲ. ಬೆಂಗಳೂರಿನಿಂದ ಬಂದಿದ್ದ ಮ್ಯಾನೇಜರ್ ವೈಭವ್ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ.

“ಅಂಕಲ್, ನಮ್ ಕ್ಲೈಂಟ್ಸ್ ಎಲ್ಲಾ ಎಪ್ಪತ್ತೈದು ದಾಟಿರೋರು. ಒಂದು ವಿಂಟರಲ್ಲಿ ಮೂರು ಜನ ಹೋದ್ರೆ ಅದು ಬರೀ ಸ್ಟ್ಯಾಟಿಸ್ಟಿಕ್ಸ್. ನೀವು ಸುಮ್ನೆ ಟೆನ್ಷನ್ ತಗೋತೀರ.”

ವೈಭವನಿಗೆ ಲಕೋಟೆಯ ವಿಷಯ ಗೊತ್ತಿರಲಿಲ್ಲ. ಹೇಳಿದ್ದರೆ ನಗುತ್ತಿದ್ದ. ನಗಿಸಿಕೊಳ್ಳುವ ಸ್ಥಿತಿಯಲ್ಲಿ ಹರ್ಬರ್ಟ್ ಇರಲಿಲ್ಲ.

ಮಾರ್ಚ್ ಕೊನೆಗೆ ನಾಲ್ಕನೆಯವನು ಫೋನ್ ಮಾಡಿದ. ಕ್ಲೈಡ್ ಬೆಕರ್, ಎಂಬತ್ತು ವರ್ಷ, ಹಳೆಯ ಲಾರಿ ಮೆಕ್ಯಾನಿಕ್. ಹೆಂಡತಿ ಸತ್ತ ಮೇಲೆ ನಿದ್ದೆ ಕಡಿಮೆಯಾಗಿ, ಅಲ್ಲಿ ಬೆಳಗಿನ ಜಾವ ನಾಲ್ಕಾಗಿ ಇಲ್ಲಿ ಮಧ್ಯಾಹ್ನ ಒಂದಾದಾಗ ಫೋನ್ ಮಾಡಿ ಹರಟುವ ರೂಢಿ ಅವನಿಗೆ. ಜಿಂಕೆಗಿಂತ ಹೆಚ್ಚಾಗಿ ಮಂಡಿನೋವಿನ ಬಗ್ಗೆಯೇ ಮಾತು. ಆರು ವರ್ಷದ ಪರಿಚಯದಲ್ಲಿ ಅರ್ಜಿಯ ವಿಷಯಕ್ಕೆ ಬಂದರೆ ಅವನದು ಒಂದೇ ಉತ್ತರ: ಪಾಯಿಂಟು ಸಾಕು. ಹಾಗೆ ಇಪ್ಪತ್ತೊಂದು ಪಾಯಿಂಟು ಕೂಡಿತ್ತು.

“ಹರ್ಬರ್ಟ್, ಈ ವರ್ಷ ಟ್ಯಾಗೇ ಹಾಕಿಬಿಡು,” ಎಂದ.

“ಎಲ್ಲಿಗೆ?”

“ಮೇಲಿನ ಪ್ರಸ್ಥಭೂಮಿಗೆ. ಇಪ್ಪತ್ತನೆಯ ವಯಸ್ಸಿನಲ್ಲಿ ಅಪ್ಪನ ಜೊತೆ ಹೋಗಿದ್ದೆ. ಹೊಡೆಯಲಿಕ್ಕೇ ಅಂತೇನಿಲ್ಲ, ಒಂದು ಬೆಳಿಗ್ಗೆ ಅಲ್ಲಿ ಕೂತರೆ ಸಾಕು.”

“ಅದು ಒಂಬತ್ತು ಸಾವಿರ ಅಡಿ ಎತ್ತರ, ಕ್ಲೈಡ್. ರಸ್ತೆ ಇಲ್ಲ. ಕೆಳಗೆ ಬಯಲಿನ ಪ್ರದೇಶ ಇದೆ, ಗಾಡಿಯಿಂದ ಇಳಿದರೆ ಬೇಟೆ. ಅದನ್ನು ಹಾಕಲೇ?”

“ಬಯಲಿಗೆ ಮೂರು ಪಾಯಿಂಟು ಸಾಕು. ಇಪ್ಪತ್ತೊಂದು ಕೂಡಿಟ್ಟವನು ಬಯಲಿಗೆ ಹೋಗುತ್ತಾನೇನು?” ಕ್ಲೈಡ್ ನಕ್ಕ. ಆಮೇಲೆ ಹೇಳಿದ. “ನವೆಂಬರಿಂದ ಒಂದು ವಿಚಿತ್ರ. ಬೆಳಗಿನ ಜಾವ ಯಾರೋ ನನ್ನ ಹೆಸರು ಓದಿದ ಹಾಗೆ ಕೇಳಿಸುತ್ತದೆ. ಪಟ್ಟಿ ಓದುತ್ತಾರಲ್ಲ, ಹಾಗೆ. ಒಳ್ಳೆಯ ದನಿ, ಪಾದ್ರಿಯ ದನಿ. ನನ್ನ ಹೆಸರಾದ ಮೇಲೆ ಡೊನಾಲ್ಡ್ ಪ್ರೂಯಿಟ್ ಅಂತ ಬರುತ್ತೆ. ಆ ಹೆಸರಿನವನು ಯಾರೂ ನನಗೆ ಗೊತ್ತಿಲ್ಲ.”

ಗಿರಾಕಿಗಳಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಪ್ರೂಯಿಟ್ ಇದ್ದದ್ದು ಬೇರೆ ರಾಜ್ಯದಲ್ಲಿ.

“ಹೆದರಿಕೆ ಆಗಲ್ವಾ?” ಎಂದರು ಹರ್ಬರ್ಟ್.

“ಇಲ್ಲಪ್ಪ. ಕರೆ ಬಂದಿದೆ ಅಂತ ಅರ್ಥ. ಅದಕ್ಕೇ ಈ ವರ್ಷ ಹೋಗಬೇಕು ಅಂದದ್ದು.”

ಅರ್ಜಿಯ ಕೊನೆಯ ದಿನದವರೆಗೂ ಹರ್ಬರ್ಟ್ ಕ್ಲೈಡನ ಫೈಲು ಮುಟ್ಟಲಿಲ್ಲ. ಮನೆಯಲ್ಲಿ ಎಮಿಲಿಯಾನಾ ಈಗ ನಗುತ್ತಿರಲಿಲ್ಲ. ಆದರೂ ಅವಳ ಮಾತು ನೇರ.

“ಅವ್ರಿಗೆ ಎಂತ ಬೇಕೋ ಅದನ್ನು ಹಾಕಿ. ನೀವು ಬರಿಯುವ ಗುಮಾಸ್ತ, ಮಾರಾಯ್ರೆ. ಯಮನೂ ಅಲ್ಲ, ಡಾಕ್ಟ್ರೂ ಅಲ್ಲ.”

“ನಾನು ಬರೆದದ್ದರಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು?”

“ಹಾಗಾದ್ರೆ ಇನ್ನೊಂದು ತಪ್ಪು ಬರಿಬೇಡಿ.”

ಕೊನೆಯ ದಿನ ಬೆಳಿಗ್ಗೆ ಗೇಟಿನ ಹೊರಗೆ ಜಿಂಕೆ ಮತ್ತೆ ನಿಂತಿತ್ತು. ಈ ಸಲ ಇನ್ನೂ ಹತ್ತಿರ, ಮೂತಿ ಕಬ್ಬಿಣದ ಸಲಾಕೆಗೆ ತಾಗುವಷ್ಟು. ಅದರ ಉಸಿರಿನ ಹಬೆ ಸಲಾಕೆಯ ಮೇಲೆ ಕೂತು ಆರುವುದು ಕಾಣುತ್ತಿತ್ತು. ಹರ್ಬರ್ಟ್ ಹಿಂಬಾಗಿಲಿನಿಂದ ಹೊರಬಿದ್ದು, ಮೊದಲು ಸಿಕ್ಕಿದ ಮಟಾಟು ವ್ಯಾನು ಹತ್ತಿ ಆಫೀಸಿಗೆ ಓಡಿದರು.

ತೆರೆಯ ಮೇಲೆ ಮೂರು ಆಯ್ಕೆ ಇತ್ತು. ಪ್ರಸ್ಥಭೂಮಿ ಒತ್ತಿದರೆ ಇಪ್ಪತ್ತೊಂದು ಪಾಯಿಂಟಿಗೆ ಟ್ಯಾಗ್ ಖಂಡಿತ. ಎಂಬತ್ತರ ಮುದುಕ ಕೆಟ್ಟ ಮಂಡಿ ಹೊತ್ತು ಒಂಬತ್ತು ಸಾವಿರ ಅಡಿ ಹತ್ತುತ್ತಾನೆ, ಅಲ್ಲಿಂದ ಇಳಿಯುವುದಿಲ್ಲ. ಬಯಲು ಒತ್ತಿದರೂ ಚಳಿಗಾಲ, ಬಂದೂಕು. ಯಾವುದೂ ಬೇಡ, ಮನೆಯಲ್ಲೇ ಬೆಚ್ಚಗಿರಲಿ. ಅವನ ಮೇಲೆ ಪ್ರೀತಿಯಿತ್ತು, ಸುಳ್ಳಲ್ಲ. ಆದರೆ ಪ್ರೀತಿಗಿಂತ ಹೆದರಿಕೆ ದೊಡ್ಡದಿತ್ತು. ನಾಲ್ಕನೆಯ ಸಾವು ತನ್ನ ತಲೆಗೆ ಬರಬಾರದು ಎಂಬುದೇ ಒಳಗಿನ ಮಾತು. ಹರ್ಬರ್ಟ್ ‘ಪಾಯಿಂಟು ಮಾತ್ರ’ ಒತ್ತಿದರು. ಕ್ಲೈಡನಿಗೆ ‘ಪ್ರಸ್ಥಭೂಮಿಗೆ ಹಾಕಿದ್ದೇನೆ’ ಎಂದು ಬರೆದರು. ಅವತ್ತು ನಾಲ್ಕನೆಯವನ ಸಾವಿನ ಸುದ್ದಿ ಬರಲಿಲ್ಲ. ಗೆದ್ದೆ ಅಂದುಕೊಂಡರು.

ಜೂನಿನಲ್ಲಿ ಫಲಿತಾಂಶ ಬಂತು. ಈ ಸಲ ಸಿಗಲಿಲ್ಲ ಎಂದು ಮೇಲ್ ಕಳಿಸಿದ ಮರುದಿನ, ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಫೋನ್ ಬಡಿದುಕೊಂಡಿತು.

“ಇಪ್ಪತ್ತೊಂದಕ್ಕೆ ಸಿಗದ ಟ್ಯಾಗ್ ಆ ಬೆಟ್ಟದಲ್ಲಿ ಇಲ್ಲ, ಹರ್ಬರ್ಟ್,” ಎಂದ ಕ್ಲೈಡ್. ದನಿಯಲ್ಲಿ ಸಿಟ್ಟಿರಲಿಲ್ಲ.

ಹರ್ಬರ್ಟ್ ತೆರೆಯ ಮೇಲಿದ್ದ ಕ್ಲೈಡನ ಫೈಲು ಮುಚ್ಚಿದರು.

“ಇರಲಿ. ಇಪ್ಪತ್ತೆರಡಾಯ್ತು ಈಗ,” ಎಂದು ಮುದುಕ ಫೋನಿಟ್ಟ. ಆಮೇಲೆ ಬೆಳಗಿನ ಜಾವದ ಹರಟೆಗೆ ಅವನ ಫೋನು ಬರಲಿಲ್ಲ. ಮಧ್ಯಾಹ್ನ ಒಂದು ಹೊಡೆದಾಗ ಹರ್ಬರ್ಟರ ಕಣ್ಣು ಮಾತ್ರ ಫೋನಿನ ಕಡೆ ಹೋಗುತ್ತಿತ್ತು.

ಅಕ್ಟೋಬರ್ ಕೊನೆಗೆ ಕ್ಲೈಡನ ಮಗಳ ಮೇಲ್ ಬಂತು. ಪ್ರಸ್ಥಭೂಮಿಯ ಬೇಟೆ ಶುರುವಾದ ಎರಡನೆಯ ಬೆಳಿಗ್ಗೆ ಅಪ್ಪ ತೀರಿಕೊಂಡರು, ಜಗಲಿಯ ಕುರ್ಚಿಯಲ್ಲಿ, ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದರು, ಬೂಟು ಹಾಕಿ ಲೇಸು ಬಿಗಿದಿದ್ದರು ಎಂದು ಬರೆದಿದ್ದಳು. ಕೊನೆಯಲ್ಲಿ ಒಂದು ಸಾಲು: “ಹಿಂದಿನ ದಿನ ಅಪ್ಪ ನಿಮಗೆ ಹೇಳು ಎಂದಿದ್ದರು. ನೈರೋಬಿಯಲ್ಲಿ ಒಬ್ಬ ಮನುಷ್ಯ ನನಗಾಗಿ ಹೆದರಿದ, ಇಲ್ಲಿ ಯಾರೂ ಹೆದರಿದ್ದಿಲ್ಲ, ಅದಕ್ಕೆ ಸಿಟ್ಟಿಲ್ಲ. ಆದರೆ ಹೇಗೂ ಹೋಗುವವನು, ಆ ಬೆಟ್ಟದಿಂದ ಹೋಗುತ್ತಿದ್ದೆ ಅಂತ ಹೇಳು.”

ಹರ್ಬರ್ಟ್ ಆಫೀಸಿನ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಅತ್ತರು. ಐವತ್ತೊಂಬತ್ತು ವರ್ಷದ ಗಂಡಸು, ಕೆಳಗೆ ಗೋದಾಮಿನಲ್ಲಿ ಬಕೆಟ್ಟು ಎಸೆಯುವ ಸದ್ದು ನಿಲ್ಲುವವರೆಗೂ ಅತ್ತರು. ಪಟ್ಟಿಯಲ್ಲಿ ಹೆಸರು ಬಿದ್ದದ್ದು ಕೈತಪ್ಪು. ಬೆಟ್ಟ ತಪ್ಪಿಸಿದ್ದು ಕೈಯಾರೆ ಮಾಡಿದ್ದು.

ಆ ವರ್ಷ ನವೆಂಬರ್ ಎರಡು ಸೋಮವಾರ. ಸಂಜೆಯ ಪೂಜೆಗೆ ಹೋಗುವ ಮೊದಲು ಹರ್ಬರ್ಟ್ ಕಾಗದವನ್ನು ಮೂರು ಸಲ ಬಿಚ್ಚಿ ನೋಡಿದರು. ಮನೆಯವರ ಹೆಸರಿನ ಕೆಳಗೆ ಕ್ಲೈಡ್ ಬೆಕರ್ ಎಂದು ಬರೆದಿದ್ದರು, ಈ ಸಲ ತಿಳಿದೇ. ಅದರ ಕೆಳಗೆ ಅಪ್ಪನ ಸಾಲು. ಫಾದರ್ ಮ್ವಾಂಗಿ ಕ್ಲೈಡನ ಹೆಸರಿನವರೆಗೆ ಓದಿ, ಎಂದಿನಂತೆ ನಿಲ್ಲಿಸಲಿಲ್ಲ.

“ನನ್ನ ಕೈಬರಹಕ್ಕೆ ಸಿಕ್ಕವರೆಲ್ಲ,” ಎಂದು ಓದಿದರು.

ಹೊರಗೆ, ತೆರೆದ ಬಾಗಿಲಿನಾಚೆ ಬೇಲಿಯ ಹತ್ತಿರ, ಏನೋ ಒಮ್ಮೆ ಬೊಗಳಿತು. ಬುಶ್‌ಬಕ್ ನಾಯಿಯಂತೆಯೇ ಬೊಗಳುತ್ತದೆ. ಹರ್ಬರ್ಟ್ ಪಕ್ಕಕ್ಕೆ ತಿರುಗಿದರು. ಎಮಿಲಿಯಾನಾ ಅವರ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳಿಗೂ ಕೇಳಿಸಿತ್ತು.

ಮರುವರ್ಷದ ಮಾರ್ಚಿನಲ್ಲಿ ಡೊನಾಲ್ಡ್ ಪ್ರೂಯಿಟ್‌ನ ಮೇಲ್ ಬಂತು. ಎಂಬತ್ತೊಂದು ವರ್ಷ, ಹದಿನೆಂಟು ಪಾಯಿಂಟು. ಇಷ್ಟು ವರ್ಷ ಪಾಯಿಂಟು ಸಾಕು ಎನ್ನುತ್ತಿದ್ದವನು ಈ ಸಲ ಟ್ಯಾಗ್ ಬೇಕು ಎಂದಿದ್ದ. ಬಲು ಕಡಿದಾದ, ಹಿಮ ಬೇಗ ಬೀಳುವ ಒಂದು ಕಣಿವೆಯ ಹೆಸರು ಬರೆದು, “ಇನ್ನು ಕಾಯಲಾಗದು” ಎಂದು ಸೇರಿಸಿದ್ದ. ಕಾರಣ ಕೊಟ್ಟಿರಲಿಲ್ಲ.

“ಅಂಕಲ್, ಈ ವಯಸ್ಸಿಗೆ ಆ ಏರಿಯಾ ಸಿಕ್ಕಾಪಟ್ಟೆ ರಿಸ್ಕ್ ಅಲ್ವಾ? ಬೇರೆ ಯಾವುದಾದ್ರೂ ಸಜೆಸ್ಟ್ ಮಾಡ್ತೀರಾ?” ಎಂದ ವೈಭವ್, ಹೆಗಲ ಮೇಲಿಂದ ಬಗ್ಗಿ ನೋಡುತ್ತಾ.

“ಇಲ್ಲ,” ಎಂದರು ಹರ್ಬರ್ಟ್.

ಆ ದಿನ ಬೆಳಿಗ್ಗೆ ಗೇಟಿನ ಹೊರಗೆ ಜಿಂಕೆ ನಿಂತಿತ್ತು. ಈ ಸಲ ಅವರು ಹಿಂಬಾಗಿಲಿಗೆ ಓಡಿರಲಿಲ್ಲ. ಗೇಟು ತೆರೆದು, ಅದರ ಪಕ್ಕದಲ್ಲೇ ನಡೆದು ಬಸ್ ಸ್ಟಾಪಿಗೆ ಹೋಗಿದ್ದರು.

ಹೆಸರು ಓದುವುದು ಕೇಳಿಸುತ್ತಿದೆಯೇ ಎಂದು ಅವರು ಪ್ರೂಯಿಟ್‌ನನ್ನು ಕೇಳಲಿಲ್ಲ. ಅವನು ಕೇಳಿದ ಕಣಿವೆಯನ್ನೇ ಒತ್ತಿದರು.